ನಕಾಶೆಯ ಗೆರೆ, ನೆಲದ ಜನ

1991ರ ಫೆಬ್ರುವರಿ. ದೇಶದಾದ್ಯಂತ ಜನಗಣತಿ ನಡೆಯುತ್ತಿತ್ತು. ಕಂದಾಯ ಇಲಾಖೆಯಲ್ಲಿ ಆಗಿನ್ನೂ ಕಿರಿಯ ಅಧಿಕಾರಿಯಾಗಿದ್ದ ನಾನು ಮೇಲ್ವಿಚಾರಣೆಗೆಂದು ಸಂಡೂರು ತಾಲ್ಲೂಕಿನ ಬಂಡ್ರಿಯ ಕಡೆ ಹೋಗಿದ್ದೆ. ಊರಾಚೆಯ ಒಂದು ಲಂಬಾಣಿ ತಾಂಡಾದಲ್ಲಿ ಗಣತಿದಾರರಾಗಿದ್ದ ಶಾಲಾ ಮೇಷ್ಟ್ರು ಗುಡಿಸಲ ಮುಂದೆ ಕುಳಿತು ನಮೂನೆ ತುಂಬುತ್ತಿದ್ದರು. ಎದುರಿಗೆ ನಡುವಯಸ್ಸಿನ ಹೆಣ್ಣುಮಗಳು. ಮಾತೃಭಾಷೆಯ ಕಾಲಮಿಗೆ ಬಂದಾಗ ಮೇಷ್ಟ್ರು ಕೇಳಿದರು. ಆಕೆ ತಡವರಿಸದೆ ಹೇಳಿದಳು: 'ಮನ್ಯಾಗ ನಮ್ಮ ಗೋರ್ ಮಾತು ಆಡ್ತೀವಿ ಸರ. ಸಂತೀಗೆ ಬಂದ್ರ, ನಿಮ್ಮಂಥೋರ ಮುಂದ ನಿಂತ್ರ ಕನ್ನಡ.'

ಮೇಷ್ಟ್ರು ನನ್ನ ಮುಖ ನೋಡಿದರು. ಮಧ್ಯಾಹ್ನದೊಳಗೆ ಮುಗಿಸಬೇಕಾದ ಮನೆಗಳು ಇನ್ನೂ ಬಹಳ ಇದ್ದವು. 'ಕನ್ನಡ ಎಂದೇ ಬರೆದುಕೊಳ್ಳಿ ಮೇಷ್ಟ್ರೇ, ಚೆನ್ನಾಗಿ ಮಾತಾಡುತ್ತಾರಲ್ಲ' ಎಂದೆ. ಮೇಷ್ಟ್ರು ಬರೆದುಕೊಂಡರು. ಆ ಹೆಣ್ಣುಮಗಳು ಮಾತ್ರ ಬಿಡಲಿಲ್ಲ. 'ಹಂಗಾರ ನಮ್ಮ ಮಾತು ಎಲ್ಲಿ ಬರೀತೀರಿ ಸರ?' ಎಂದು ಕೇಳಿದಳು. ಬಲ್ಲ ಇತರ ಭಾಷೆಗಳಿಗೆಂದು ನಮೂನೆಯಲ್ಲಿ ಬೇರೊಂದು ಕಾಲಮು ಇತ್ತು. ಅಲ್ಲಿ ಬರೆಯುತ್ತಾರೆ ಎಂದು ಸಮಾಧಾನ ಹೇಳಿ ಮುಂದಿನ ಮನೆಗೆ ನಡೆದೆ. ತಾಯಿಯಿಂದ ಬಂದ ಮಾತು ಕಲಿತ ಭಾಷೆಯಾಗಿಯೂ, ಕಲಿತ ಭಾಷೆ ತಾಯಿಮಾತಾಗಿಯೂ ಸರ್ಕಾರದ ಕಡತ ಸೇರಿತು. ಜನರು ಹೇಳಿದ್ದನ್ನು ಹೇಳಿದಂತೆ ದಾಖಲಿಸಬೇಕೆಂಬುದು ಗಣತಿಯ ಮೊದಲ ನಿಯಮ. ಅದನ್ನು ಇತರರಿಗೆ ತರಬೇತಿಯಲ್ಲಿ ಹೇಳಿಕೊಟ್ಟವನು ನಾನೇ.

ಈ ಹಳೆಯ ತಪ್ಪು ಈಗ ನೆನಪಾಗಲು ಕಾರಣವಿದೆ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದಕ್ಕೆ ಹೋಗಿ, 2027ರ ಮಾರ್ಚ್ 1ನ್ನು ಆಧಾರ ದಿನವಾಗಿಸಿಕೊಂಡು ನಡೆಸುವ ಅಧಿಸೂಚನೆ 2025ರ ಜೂನ್‌ನಲ್ಲಿ ಹೊರಬಿದ್ದಿದೆ. 1931ರ ತರುವಾಯ ಮೊದಲ ಬಾರಿಗೆ ಜನಗಣತಿಯಲ್ಲಿಯೇ ಎಲ್ಲ ಜಾತಿಗಳ ಎಣಿಕೆಯೂ ನಡೆಯಲಿದೆ. ಇದೇ ಅವಧಿಯಲ್ಲಿ ನಮ್ಮ ಭಾಗದಲ್ಲಿ ಜಿಲ್ಲೆಯ ಎಲ್ಲೆಗಳೂ ಬದಲಾಗಿವೆ. ಎಲ್ಲೆ ಗುರುತಿಸುವುದು, ಜನರನ್ನು ಎಣಿಸುವುದು ಇವೆರಡೂ ಆಡಳಿತದ ಅತ್ಯಂತ ಹಳೆಯ ಕೆಲಸಗಳು. ಇವೆರಡರಲ್ಲೂ ನಾವು ಪದೇ ಪದೇ ಎಡವಿರುವುದಕ್ಕೆ ಹೊಸಪೇಟೆ, ಸಂಡೂರು, ಕಂಪ್ಲಿಗಳ ಈ ಸೀಮೆಗಿಂತ ಉತ್ತಮ ಉದಾಹರಣೆ ರಾಜ್ಯದಲ್ಲಿ ದೊರೆಯುವುದು ಕಷ್ಟ.

ಮೊದಲು ಭೂಗೋಳವನ್ನು ನೋಡೋಣ. ಉತ್ತರದಲ್ಲಿ ತುಂಗಭದ್ರೆ. ಆಕೆಯ ದಡದಲ್ಲಿ ಹೊಸಪೇಟೆ, ಹಂಪಿ, ಕಂಪ್ಲಿ. ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ನೀರುಣಿಸುವ ಬತ್ತ, ಬಾಳೆ, ಕಬ್ಬಿನ ಗದ್ದೆಗಳು. ದಕ್ಷಿಣಕ್ಕೆ ಬಂದರೆ ಭೂಮಿಯ ಬಣ್ಣವೇ ಬೇರೆ. ಎರಡು ಸಮಾನಾಂತರ ಗುಡ್ಡಸಾಲುಗಳ ನಡುವೆ ದೋಣಿಯಂತೆ ಮಲಗಿರುವ ಸಂಡೂರು ಕಣಿವೆ. ಗುಡ್ಡಸಾಲುಗಳನ್ನು ಸೀಳಿ ಹರಿಯುವ ನಾರಿಹಳ್ಳ, ಅದು ಕೊರೆದ ಓಬಳಗಂಡಿ, ಭೀಮಗಂಡಿ ಎಂಬ ಕಿರಿದಾದ ಕಂಡಿಗಳು, ಅದೇ ಹಳ್ಳದ ನೀರಿಗೆ ಕಾದು ಕುಳಿತ ದರೋಜಿ ಕೆರೆ. ಗುಡ್ಡದ ಮೈಯೆಲ್ಲ ಕಬ್ಬಿಣ ಮತ್ತು ಮ್ಯಾಂಗನೀಸಿನ ಅದಿರು. ಗುಡ್ಡ ಇಳಿದು ಕೂಡ್ಲಿಗಿ ಸೀಮೆಯತ್ತ ಸಾಗಿದರೆ ಮಳೆಯನ್ನೇ ನಂಬಿದ ಜೋಳ, ಶೇಂಗಾದ ಹೊಲಗಳು. ಹೊಳೆ, ಗಣಿ, ಬಯಲು ಎಂಬ ಈ ಮೂರು ಬಗೆಯ ಬದುಕು ಮೂರು ಬಗೆಯ ಜನರನ್ನು ಕರೆತಂದಿದೆ. ಈ ಸೀಮೆಯಲ್ಲಿ ಇಷ್ಟು ಭಾಷೆ, ಇಷ್ಟು ಕುಲಗಳು ಏಕಿವೆ ಎಂಬುದಕ್ಕೆ ಅರ್ಧ ಉತ್ತರ ಈ ನೆಲದಲ್ಲಿಯೇ ಇದೆ.

ಉಳಿದ ಅರ್ಧ ಇರುವುದು ಇಲ್ಲಿ ಆಳಿದವರ ಚರಿತ್ರೆಯಲ್ಲಿ. ವಿಜಯನಗರದ ಪತನಾನಂತರ ಇಲ್ಲಿನ ಬೆಟ್ಟಸೀಮೆ ಬೇಡ ಪಾಳೆಯಗಾರರ ಕೈಯಲ್ಲಿತ್ತು. 18ನೆಯ ಶತಮಾನದ ಪೂರ್ವಾರ್ಧದಲ್ಲಿ ಮರಾಠ ಘೋರ್ಪಡೆ ಮನೆತನ ಸಂಡೂರನ್ನು ಅವರಿಂದ ಕಸಿದುಕೊಂಡಿತು. ನಡುವೆ ಅದು ಹೈದರ್ ಮತ್ತು ಟಿಪ್ಪುವಿನ ವಶದಲ್ಲಿತ್ತು. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಾಗ, ಸುತ್ತಲಿನ ನೆಲವೆಲ್ಲ ಕಂಪನಿಯದಾಗಿ, ನಡುವೆ ಸಂಡೂರು ಮಾತ್ರ ಘೋರ್ಪಡೆಯವರದಾಗಿ ಉಳಿಯಿತು. 1817ರಲ್ಲಿ ಪೇಶ್ವೆಯ ಕೋರಿಕೆಯ ಮೇರೆಗೆ ಥಾಮಸ್ ಮನ್ರೋ ಅದನ್ನು ವಶಪಡಿಸಿಕೊಂಡ. ಪೇಶ್ವೆಯ ಆಳ್ವಿಕೆಯೇ ಕೊನೆಗೊಂಡಾಗ, 1818ರಲ್ಲಿ, ಘೋರ್ಪಡೆಯವರಿಗೇ ಹಿಂದಿರುಗಿಸಲಾಯಿತು. 1901ರ ಗಣತಿಯ ಪ್ರಕಾರ ಈ ಸಂಸ್ಥಾನದ ವಿಸ್ತೀರ್ಣ 161 ಚದರ ಮೈಲಿ, ಜನಸಂಖ್ಯೆ 11,200. ಅರಮನೆಯ ಮನೆಮಾತು ಮರಾಠಿ, ಪ್ರಜೆಗಳ ಮಾತು ಕನ್ನಡ, ಮೇಲೆ ಕಣ್ಣಿಟ್ಟಿದ್ದ ಬಳ್ಳಾರಿಯ ಕಲೆಕ್ಟರನ ಮಾತು ಇಂಗ್ಲಿಷು.

ಇಷ್ಟು ಪುಟ್ಟ ಸಂಸ್ಥಾನವನ್ನು ಚರಿತ್ರೆಯ ವಿನೋದವೆಂದು ತಳ್ಳಿಹಾಕುವಂತಿಲ್ಲ. 1932ರಲ್ಲಿ ಇಲ್ಲಿನ ರಾಜರು ಕುಮಾರಸ್ವಾಮಿ ದೇಗುಲವನ್ನು ದಲಿತರಿಗೆ ತೆರೆದರು. ತಿರುವಾಂಕೂರಿನ ಹೆಸರಾಂತ ದೇವಾಲಯ ಪ್ರವೇಶ ಘೋಷಣೆ ಬಂದದ್ದು ಅದಕ್ಕೆ ನಾಲ್ಕು ವರ್ಷಗಳ ನಂತರ, 1936ರಲ್ಲಿ. 1934ರಲ್ಲಿ ಹರಿಜನ ಯಾತ್ರೆಯ ಕಾಲದಲ್ಲಿ ಗಾಂಧೀಜಿ ಸಂಡೂರಿಗೆ ಬಂದು ಇದನ್ನು ಮೆಚ್ಚಿಕೊಂಡಿದ್ದರು. ಬೇರೆ ಭಾಷೆಯ ಅರಸು ಮನೆತನ, ಸಣ್ಣ ಭೂಭಾಗ, ಹಲವು ಕುಲಗಳ ಪ್ರಜೆಗಳು ಇದ್ದರೂ ದೊಡ್ಡ ರಾಜ್ಯಗಳು ಹಿಂಜರಿದ ಕೆಲಸವೊಂದು ಇಲ್ಲಿ ಆಯಿತು. ಆಳುವವರ ಮನೆಮಾತು ಯಾವುದೆಂಬುದಕ್ಕಿಂತ ಆಳ್ವಿಕೆ ಯಾರನ್ನು ಒಳಗೆ ಬಿಟ್ಟುಕೊಂಡಿತು ಎಂಬುದು ಜನರ ಬದುಕಿಗೆ ಹೆಚ್ಚು ಮುಖ್ಯವಾಗಿತ್ತು.

ಸ್ವಾತಂತ್ರ್ಯಾನಂತರ ಗೆರೆಗಳು ಬೇಗ ಬೇಗ ಬದಲಾದವು. 1949ರ ಏಪ್ರಿಲ್‌ನಲ್ಲಿ ಸಂಡೂರು ಮದ್ರಾಸ್ ಪ್ರಾಂತ್ಯದಲ್ಲಿ ವಿಲೀನಗೊಂಡು ಬಳ್ಳಾರಿ ಜಿಲ್ಲೆಯ ಭಾಗವಾಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆ ಎರಡಾಗಿ ಒಡೆದು, ಹೆಚ್ಚಿನ ತಾಲ್ಲೂಕುಗಳು ಮೈಸೂರಿಗೆ ಬಂದವು. ಇಂದು ಎಂಬತ್ತು ದಾಟಿರುವ ಸಂಡೂರಿನ ಹಿರಿಯರೊಬ್ಬರನ್ನು ಕಲ್ಪಿಸಿಕೊಳ್ಳಿ. ಅವರು ಹುಟ್ಟಿದ್ದು ಸಂಸ್ಥಾನದಲ್ಲಿ, ಅಕ್ಷರ ಕಲಿಯಲು ಕುಳಿತದ್ದು ಮದ್ರಾಸ್ ರಾಜ್ಯದಲ್ಲಿ, ಶಾಲೆ ಮುಗಿಸಿದ್ದು ಮೈಸೂರು ರಾಜ್ಯದಲ್ಲಿ, ಸಂಸಾರ ನಡೆಸಿದ್ದು 1973ರಲ್ಲಿ ಹೆಸರು ಬದಲಿಸಿಕೊಂಡ ಕರ್ನಾಟಕದಲ್ಲಿ. ಇಷ್ಟಾಗಿಯೂ ಅವರು ಹುಟ್ಟಿದ ಮನೆ ಬಿಟ್ಟು ಕದಲಿರಬೇಕಾಗಿಲ್ಲ.

1953ರ ವಿಭಜನೆಗೆ ಆಧಾರವಾದದ್ದು ಭಾಷೆ. ತಾಲ್ಲೂಕನ್ನು ಒಂದು ಘಟಕವೆಂದು ಭಾವಿಸಿ, ಅಲ್ಲಿ ಯಾವ ಭಾಷಿಕರು ಹೆಚ್ಚೋ ಆ ರಾಜ್ಯಕ್ಕೆ ಸೇರಿಸುವುದು ಸ್ಥೂಲವಾದ ಸೂತ್ರ. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಬಳ್ಳಾರಿ ತಾಲ್ಲೂಕಿನ ಬಗ್ಗೆ ಮಾತ್ರ ವ್ಯಾಜ್ಯ ಬಲವಾಗಿ, ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಅವರ ವಿಚಾರಣೆಯ ಬಳಿಕ ಅದು ಮೈಸೂರಿಗೆ ಸೇರಿತು. ಅದೊಂದು ನ್ಯಾಯಯುತ ತೀರ್ಮಾನ ಎಂದೇ ನಾನು ನಂಬಿರುವೆ. ಭಾಷಾವಾರು ಪ್ರಾಂತ್ಯ ರಚನೆಯಿಂದ ಸಾಮಾನ್ಯನಿಗೆ ಆಡಳಿತ ಹತ್ತಿರವಾಯಿತು ಎಂಬುದರಲ್ಲಿ ಅನುಮಾನವಿಲ್ಲ. ಮದ್ರಾಸಿನ ಕಚೇರಿಯೊಂದಕ್ಕೆ ಹಡಗಲಿಯ ರೈತ ಅರ್ಜಿ ಬರೆಸಬೇಕಾಗಿದ್ದ ಕಾಲವನ್ನು ನೆನೆದರೆ ಇದು ಅರ್ಥವಾದೀತು.

ಆದರೆ ಬಹುಮತದ ಸೂತ್ರದಿಂದ ಎಳೆದ ಯಾವ ಗೆರೆಯೂ ಎರಡೂ ಬದಿಯಲ್ಲಿ ಒಂದಷ್ಟು ಜನರನ್ನು ಅಲ್ಪಸಂಖ್ಯಾತರನ್ನಾಗಿ ಉಳಿಸಿಯೇ ತೀರುತ್ತದೆ. ಆದವಾನಿಯ ಕನ್ನಡಿಗ ಆಂಧ್ರದಲ್ಲಿ ಉಳಿದ. ಬಳ್ಳಾರಿಯ ತೆಲುಗು ಕುಟುಂಬ ಮೈಸೂರಿನಲ್ಲಿ ಉಳಿಯಿತು. ಲಂಬಾಣಿ, ಉರ್ದು, ಮರಾಠಿ ಮನೆಮಾತಿನವರ ಪಾಲಿಗಂತೂ ಅದು ಬೇರೆಯವರ ವ್ಯಾಜ್ಯವಾಗಿತ್ತು. ಹಾಗೆಂದು ಅವರು ಸುಮ್ಮನೆ ನೋಡುತ್ತ ನಿಂತವರಲ್ಲ. ಬಳ್ಳಾರಿ ಕನ್ನಡನಾಡಿಗೆ ಸೇರುವ ಸಂಭ್ರಮದ ಹೊತ್ತಿನಲ್ಲಿ ದಾಳಿಗೆ ತುತ್ತಾಗಿ ಪ್ರಾಣ ತೆತ್ತವರು ಪಿಂಜಾರ ರಂಜಾನ್ ಸಾಬ್. ಏಕೀಕರಣದ ಹುತಾತ್ಮರೆಂದು ನಾವು ಸ್ಮರಿಸುವ ಅವರ ಹೆಸರೇ ಅವರ ಸಮುದಾಯವನ್ನೂ ಹೇಳುತ್ತದೆ. ಹತ್ತಿ ಹಿಂಜುವ ಕಸುಬಿನ ಮುಸ್ಲಿಮನೊಬ್ಬ ಕನ್ನಡಕ್ಕಾಗಿ ಜೀವ ಕೊಟ್ಟ ಊರಿನಲ್ಲಿ, ಕನ್ನಡಿಗ ಯಾರು ಎಂಬ ಪ್ರಶ್ನೆಗೆ ಮನೆಮಾತಿನ ಕಾಲಮೊಂದರಿಂದ ಉತ್ತರ ಹೇಳಲಾಗದು.

ಇನ್ನು ಜನರ ವಿಷಯಕ್ಕೆ ಬರೋಣ. ನಾಯಕ, ಲಿಂಗಾಯತ, ಕುರುಬ, ಮಾದಿಗ, ಛಲವಾದಿ, ಮುಸ್ಲಿಂ, ಲಂಬಾಣಿ, ಮರಾಠ ಹೀಗೆ ಪಟ್ಟಿ ಬೆಳೆಯುತ್ತದೆ. ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ನೀರು ಬಿಟ್ಟ ಮೇಲೆ ಕರಾವಳಿ ಆಂಧ್ರದಿಂದ ಬಂದ ರೈತರು ನದಿಯ ಎರಡೂ ದಡದ ಅಚ್ಚುಕಟ್ಟಿನಲ್ಲಿ ನೆಲೆಸಿದರು. 'ಕ್ಯಾಂಪು' ಎಂದು ಕೊನೆಗೊಳ್ಳುವ ಊರ ಹೆಸರುಗಳು ಅವರ ಗುರುತು. ಆಮೇಲೆ ದೋಣಿಮಲೆಯಲ್ಲಿ ಕೇಂದ್ರ ಸರ್ಕಾರದ ಗಣಿ ಬಂತು. 1990ರ ದಶಕದಲ್ಲಿ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ತಲೆಯೆತ್ತಿತು. ಈಗ ತೋರಣಗಲ್ಲಿನ ಬೀದಿಯಲ್ಲಿ ನಿಂತರೆ ಒಡಿಯಾ, ಬಂಗಾಳಿ, ಭೋಜಪುರಿಗಳೂ ಕಿವಿಗೆ ಬೀಳುತ್ತವೆ. ಇವರಲ್ಲಿ ಮೊದಲು ಬಂದವರು ಯಾರು ಎಂದು ಹುಡುಕಹೊರಟರೆ ಮರಾಠ ಅರಸನೂ ವಲಸಿಗನೇ, ತೆಲುಗು ರೈತನೂ ವಲಸಿಗನೇ, ದವಸ ಹೇರಿದ ಎತ್ತಿನ ಹಿಂಡುಗಳೊಡನೆ ಸೈನ್ಯಗಳಿಗೆ ಧಾನ್ಯ ಸಾಗಿಸುತ್ತ ಬಂದ ಲಂಬಾಣಿಯೂ ವಲಸಿಗನೇ.

ಈ ವೈವಿಧ್ಯವನ್ನು ಆಡಳಿತ ಹೇಗೆ ಕಂಡಿತು? ಪಟ್ಟಿಗಳ ಮೂಲಕ ಕಂಡಿತು. ಪಟ್ಟಿಗಳಿಲ್ಲದೆ ಸಾಮಾಜಿಕ ನ್ಯಾಯವಿಲ್ಲ ಎಂಬುದು ನಿಜ. ನಾಯಕ ಸಮುದಾಯದ ಉದಾಹರಣೆ ನೋಡಿ. ಬೇಡ, ವಾಲ್ಮೀಕಿ ಮುಂತಾದ ಹೆಸರುಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 1991ರಲ್ಲಿ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಬಳ್ಳಾರಿ ಲೋಕಸಭಾ ಕ್ಷೇತ್ರ, ಸಂಡೂರು, ಕಂಪ್ಲಿ, ಸಿರುಗುಪ್ಪ, ಕೂಡ್ಲಿಗಿ ಮೊದಲಾದ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲಾದವು. ಒಂದು ಕಾಲಕ್ಕೆ ಪಾಳೆಯಪಟ್ಟು ಆಳಿ, ಅನಂತರ ನೂರಾರು ವರ್ಷ ಅಧಿಕಾರದಿಂದ ದೂರ ಉಳಿದ ಸಮುದಾಯ ಶಾಸನಸಭೆಯ ಬಾಗಿಲು ದಾಟಲು ಒಂದು ಪಟ್ಟಿಯಲ್ಲಿ ನಮೂದಾದ ಕೆಲವು ಪದಗಳು ನೆರವಾದವು.

ಆದರೆ ಪಟ್ಟಿಯ ಇನ್ನೊಂದು ಮುಖವೂ ಇದೆ. ಲಂಬಾಣಿಗಳು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಗಡಿ ದಾಟಿ ಆಂಧ್ರಕ್ಕೆ, ತೆಲಂಗಾಣಕ್ಕೆ ಹೋದರೆ ಪರಿಶಿಷ್ಟ ಪಂಗಡ. ಮಹಾರಾಷ್ಟ್ರದಲ್ಲಿ ವಿಮುಕ್ತ ಮತ್ತು ಅಲೆಮಾರಿ ಸಮುದಾಯ. ಬಳ್ಳಾರಿಯ ತಾಂಡಾದಿಂದ ಅನಂತಪುರದ ತಾಂಡಾಕ್ಕೆ ಮದುವೆಯಾಗಿ ಹೋದ ಹೆಣ್ಣುಮಗಳು ಅದೇ ಮಾತು ಆಡುತ್ತಾಳೆ, ಅದೇ ದೇವರಿಗೆ ಕೈಮುಗಿಯುತ್ತಾಳೆ. ಅಲ್ಲಿ ಹುಟ್ಟುವ ಅವಳ ಮಕ್ಕಳು ಮಾತ್ರ ಇಲ್ಲಿನ ಸೋದರಮಾವನ ಮಕ್ಕಳಿಗಿಂತ ಬೇರೆ ಪಟ್ಟಿಗೆ ಸೇರಿರುತ್ತಾರೆ.

ಭಾಷೆಯ ವಿಷಯದಲ್ಲಿ ಸ್ಥಿತಿ ಇನ್ನೂ ವಿಚಿತ್ರ. ಲಂಬಾಣಿಯನ್ನು ಮಾತೃಭಾಷೆಯೆಂದು ಹೇಳಿದವರನ್ನು ಜನಗಣತಿಯ ಭಾಷಾ ಕೋಷ್ಟಕ ಹಿಂದಿಯ ಅಡಿಯಲ್ಲಿ ಸೇರಿಸುತ್ತದೆ. 2011ರಲ್ಲಿ ದೇಶದಾದ್ಯಂತ ಹೀಗೆ ಹಿಂದಿಯ ಲೆಕ್ಕಕ್ಕೆ ಸೇರಿದ ಲಮಾಣಿ/ಲಂಬಾಡಿ ಭಾಷಿಕರ ಸಂಖ್ಯೆ 32 ಲಕ್ಷಕ್ಕೂ ಹೆಚ್ಚು. ಅಂದು ಬಂಡ್ರಿಯ ಬಳಿ ನಾನು ಆ ಹೆಣ್ಣುಮಗಳ ಮಾತನ್ನು ಕನ್ನಡವೆಂದು ಬರೆಸಿದೆ. ಆಕೆ ಹೇಳಿದಂತೆಯೇ ಬರೆಸಿದ್ದರೂ ಅಂತಿಮ ಮೊತ್ತದಲ್ಲಿ ಆಕೆ ಹಿಂದಿ ಭಾಷಿಕಳಾಗುತ್ತಿದ್ದಳು. ಒಂದು ತಪ್ಪು ನನ್ನದು, ಇನ್ನೊಂದು ಪದ್ಧತಿಯದು. ಹಿಂದಿ ಭಾಷಿಕರ ಸಂಖ್ಯೆಯ ಬಗ್ಗೆ ನಾವು ತೆಗೆಯುವ ತಕರಾರಿನಲ್ಲಿ ಹುರುಳಿದೆ. ನಮ್ಮ ಪಕ್ಕದ ತಾಂಡಾದ ಮಾತನ್ನು ನಾವೇ ಸರಿಯಾಗಿ ಬರೆದುಕೊಂಡಿದ್ದರೆ ಆ ತಕರಾರಿಗೆ ಇನ್ನಷ್ಟು ತೂಕ ಬರುತ್ತಿತ್ತು.

ಲೆಕ್ಕಕ್ಕೆ ಸಿಗದಿರುವುದು ಬರೀ ಮಾನದ ಪ್ರಶ್ನೆಯಲ್ಲ. ಅದು ಆಸ್ತಿಯ ಪ್ರಶ್ನೆಯೂ ಹೌದು. ಬಹುಪಾಲು ತಾಂಡಾಗಳು ದಶಕಗಳ ಕಾಲ ಕಂದಾಯ ದಾಖಲೆಯಲ್ಲಿ ಪ್ರತ್ಯೇಕ ಊರುಗಳಾಗಿರಲಿಲ್ಲ. ಯಾವುದೋ ಗ್ರಾಮದ ಸರ್ವೆ ನಂಬರಿನೊಳಗೆ ಅವು ಅಡಗಿದ್ದವು. ಮನೆ ಇತ್ತು, ಹಕ್ಕುಪತ್ರವಿರಲಿಲ್ಲ. ಹಕ್ಕುಪತ್ರವಿಲ್ಲದೆ ಬ್ಯಾಂಕಿನ ಸಾಲವಿಲ್ಲ, ವಸತಿ ಯೋಜನೆಯಿಲ್ಲ. ಕಾನೂನಿಗೆ ತಿದ್ದುಪಡಿ ತಂದು ಇಂಥ ನೆಲೆಗಳನ್ನು ಕಂದಾಯ ಗ್ರಾಮಗಳೆಂದು ಗುರುತಿಸುವ ಕೆಲಸ ಚುರುಕಾದದ್ದು ಈಚಿನ ವರ್ಷಗಳಲ್ಲಿ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿಯವರು 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆ ನೀಡಿದರು. ಸ್ವಾತಂತ್ರ್ಯ ಬಂದು 75 ವರ್ಷಗಳಾದ ಮೇಲೆ, ತಾನು ಕಟ್ಟಿಕೊಂಡ ಗುಡಿಸಲು ತನ್ನದೇ ಎಂದು ಒಬ್ಬ ಪ್ರಜೆಗೆ ಸರ್ಕಾರ ಬರೆದುಕೊಟ್ಟಿತು. ತಡವಾಯಿತು ಎನ್ನುವ ಅಧಿಕಾರ ನನ್ನಂಥ ಮಾಜಿ ಕಂದಾಯ ಅಧಿಕಾರಿಗೆ ಇಲ್ಲ. ತಡಮಾಡಿದವರಲ್ಲಿ ನಾನೂ ಒಬ್ಬ.

ಈಗ ಹೊಸ ಜಿಲ್ಲೆಯ ವಿಷಯ. 2021ರ ಫೆಬ್ರುವರಿಯಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆ ರಚನೆಯಾಯಿತು. ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಅದಕ್ಕೆ ಸೇರಿದವು. ಬಳ್ಳಾರಿ, ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರು ಹಳೆಯ ಜಿಲ್ಲೆಯಲ್ಲಿಯೇ ಉಳಿದವು. ಹರಪನಹಳ್ಳಿ, ಹಡಗಲಿಯ ಜನರಿಗೆ ಜಿಲ್ಲಾ ಕೇಂದ್ರ ಹತ್ತಿರವಾದದ್ದು ನಿಸ್ಸಂದೇಹವಾಗಿ ಒಳ್ಳೆಯದೇ. ಆದರೆ ಸಂಡೂರಿಗೆ ಹೊಸಪೇಟೆ ಸುಮಾರು 30 ಕಿಲೋಮೀಟರು, ಬಳ್ಳಾರಿ 50ಕ್ಕೂ ಹೆಚ್ಚು. ತಾಲ್ಲೂಕಾಗುವ ಮುನ್ನ ಬಹುಕಾಲ ಹೊಸಪೇಟೆ ತಾಲ್ಲೂಕಿನ ಭಾಗವೇ ಆಗಿದ್ದ ಕಂಪ್ಲಿ, ಹೊಸಪೇಟೆಯು ಜಿಲ್ಲಾ ಕೇಂದ್ರವಾದಾಗ ಅದರಿಂದ ದೂರವಾಯಿತು. ಬಂಡ್ರಿಯ ರೈತನಿಗೆ ಜಿಲ್ಲಾಧಿಕಾರಿ ಕಚೇರಿಗೆ ಹೋಗಿಬರಲು ಇಂದಿಗೂ ಒಂದು ದಿನದ ಕೂಲಿ ಖರ್ಚು.

ಎಲ್ಲೆಗಳು ಕೇವಲ ದೂರವನ್ನಲ್ಲ, ಸೌಲಭ್ಯವನ್ನೂ ನಿರ್ಧರಿಸುತ್ತವೆ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ ಹರಪನಹಳ್ಳಿ, 2013ರಲ್ಲಿ ಸಂವಿಧಾನದ 371-ಜೆ ವಿಧಿಯ ಅನುಕೂಲಗಳು ಜಾರಿಗೆ ಬಂದಾಗ ಅದರಿಂದ ಹೊರಗುಳಿಯಿತು. ದೀರ್ಘ ಹೋರಾಟದ ನಂತರ 2018ರಲ್ಲಿ ಬಳ್ಳಾರಿಗೆ ಮರಳಿತು. ಮೂರು ವರ್ಷಗಳಲ್ಲಿ ಮತ್ತೆ ಜಿಲ್ಲೆ ಬದಲಾಯಿತು. ಇನ್ನೊಂದು ಸ್ವಾರಸ್ಯವನ್ನೂ ಹೇಳಬೇಕು. 1800ರಲ್ಲಿಯೇ ನಿಜಾಮನ ಕೈಬಿಟ್ಟ ಬಳ್ಳಾರಿಯೂ, ಮರಾಠ ಅರಸರ ಸಂಡೂರೂ ಇಂದು ಹೈದರಾಬಾದ್ ಕರ್ನಾಟಕದ, ಅಂದರೆ 2019ರಿಂದ ಕಲ್ಯಾಣ ಕರ್ನಾಟಕದ, ಭಾಗ. ಚರಿತ್ರೆಯ ಪ್ರಕಾರ ಇದು ಸರಿಯಲ್ಲದಿರಬಹುದು. ಹಿಂದುಳಿದಿರುವಿಕೆಯ ಪ್ರಕಾರ ಸರಿ. ಆಡಳಿತದ ಗಡಿ ಒಂದು ಅನುಕೂಲವೇ ಹೊರತು ಕುಲದ ಗುರುತಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ.

ಗಣಿಯ ವಿಷಯದಲ್ಲಿ ಈ ಗೆರೆ ಹಣದ ಗೆರೆಯೂ ಆಗಿದೆ. 2015ರ ಕಾಯ್ದೆ ತಿದ್ದುಪಡಿಯಂತೆ ಗಣಿ ಗುತ್ತಿಗೆದಾರರು ರಾಜಧನದ ಮೇಲೆ ಹಳೆಯ ಗುತ್ತಿಗೆಗಳಿಗೆ ಶೇ 30, ಹರಾಜಿನಲ್ಲಿ ಪಡೆದ ಗುತ್ತಿಗೆಗಳಿಗೆ ಶೇ 10ರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕೊಡಬೇಕು. ಗಣಿಗಳು ಹೆಚ್ಚಾಗಿ ಇರುವುದು ಸಂಡೂರು ತಾಲ್ಲೂಕಿನಲ್ಲಿ, ಎಂದರೆ ಬಳ್ಳಾರಿ ಜಿಲ್ಲೆಯಲ್ಲಿ. ಅದಿರಿನ ಲಾರಿಗಳ ದೂಳು ಮಾತ್ರ ಜಿಲ್ಲೆಯ ಎಲ್ಲೆ ನೋಡಿ ನಿಲ್ಲುವುದಿಲ್ಲ. ಅರ್ಥಶಾಸ್ತ್ರದಲ್ಲಿ ಇದನ್ನು ಬಾಹ್ಯ ವೆಚ್ಚ ಎನ್ನುತ್ತಾರೆ: ಲಾಭ ಒಬ್ಬರ ಪುಸ್ತಕದಲ್ಲಿ, ಕೆಮ್ಮು ಇನ್ನೊಬ್ಬರ ಎದೆಯಲ್ಲಿ. ಪಕ್ಕದ ಜಿಲ್ಲೆಯ ಬಾಧಿತ ಹಳ್ಳಿಗಳಿಗೂ ಪಾಲು ಕೊಡಲು ನಿಯಮದಲ್ಲಿ ಅವಕಾಶವಿದೆ. ಆ ಅವಕಾಶ ಕೃಪೆಯಾಗಿ ಉಳಿಯದೆ ಹಕ್ಕಾಗಬೇಕು. ಈ ಸೀಮೆ ಕಂಡಿರುವ ಅನಾಹುತ ಸಣ್ಣದಲ್ಲ. ಲೋಕಾಯುಕ್ತದ 2008 ಮತ್ತು 2011ರ ವರದಿಗಳು, 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿದ ಆದೇಶ ಎಲ್ಲರಿಗೂ ನೆನಪಿದೆ. ಆ ದಿನಗಳಲ್ಲಿ ಎರಡು ರಾಜ್ಯಗಳ ನಡುವಿನ ಗಡಿಯ ಗುರುತುಗಳನ್ನೇ ನಾಶಪಡಿಸಿದ ಆರೋಪ ಬಂದು, ಸರ್ವೆ ಆಫ್ ಇಂಡಿಯಾ ಮತ್ತೆ ಗಡಿ ಅಳೆಯಬೇಕಾಯಿತು. ಭಾಷೆಗಾಗಿ ಜನ ಪ್ರಾಣ ಕೊಟ್ಟು ನಿಲ್ಲಿಸಿದ ಗಡಿಯನ್ನು ಅದಿರಿನ ಆಸೆ ಅಳಿಸಹೊರಟಿತ್ತು.

ಗಡಿಗಳನ್ನು ದಾಟಿ ಕೆಲಸ ಮಾಡುವ ವ್ಯವಸ್ಥೆ ಅಸಾಧ್ಯವೇನಲ್ಲ. ಅದಕ್ಕೆ ಉದಾಹರಣೆ ಹೊಸಪೇಟೆಯ ಅಂಚಿನಲ್ಲಿಯೇ ಇದೆ. ರಾಜ್ಯಗಳು ಒಡೆದ 1953ರಲ್ಲಿಯೇ ಜಲಾಶಯವನ್ನು ನೋಡಿಕೊಳ್ಳಲು ತುಂಗಭದ್ರಾ ಮಂಡಳಿ ರಚನೆಯಾಯಿತು. ಹೂಳು ತುಂಬಿ ಜಲಾಶಯದ ಸಾಮರ್ಥ್ಯ 133 ಟಿಎಂಸಿ ಅಡಿಯಿಂದ ಸುಮಾರು 105.8ಕ್ಕೆ ಇಳಿದಿದೆ; ಪಾಲಿನ ಬಗ್ಗೆ ತಕರಾರುಗಳಿಗೂ ಕೊರತೆಯಿಲ್ಲ. ಆದರೂ 2024ರ ಆಗಸ್ಟ್ 10ರ ರಾತ್ರಿ 19ನೆಯ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಏನಾಯಿತೆಂದು ನೆನಪಿಸಿಕೊಳ್ಳಿ. ಕರ್ನಾಟಕ, ಆಂಧ್ರ, ತೆಲಂಗಾಣಗಳ ರೈತರು ಒಂದೇ ಆತಂಕದಲ್ಲಿ ಅಣೆಕಟ್ಟೆಯತ್ತ ಮುಖಮಾಡಿದ್ದರು. ಬೇರೆ ಬೇರೆ ರಾಜ್ಯಗಳ ಎಂಜಿನಿಯರುಗಳು, ಕಾರ್ಮಿಕರು ಹರಿಯುವ ನೀರಿಗೆ ಸ್ಟಾಪ್‌ಲಾಗ್ ಇಳಿಸಿ ವಾರದೊಳಗೆ ಅದನ್ನು ತಾತ್ಕಾಲಿಕವಾಗಿ ಮುಚ್ಚಿದರು. ಹೊಣೆ ಹಂಚಿಕೊಂಡ ಸಂಸ್ಥೆಯೊಂದು ಮೊದಲೇ ಇದ್ದುದರಿಂದ ಯಾರು ಯಾರನ್ನು ಕರೆಯಬೇಕೆಂಬ ಚರ್ಚೆಯಲ್ಲಿ ನೀರು ಪೋಲಾಗಲಿಲ್ಲ.

ಹೊರದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಸರ್ಬಿಯಾದ ವೊಯ್ವೊದಿನಾ ಪ್ರಾಂತ್ಯದಲ್ಲಿ ಸರ್ಬಿಯನ್, ಹಂಗೇರಿಯನ್, ಸ್ಲೊವಾಕ್, ರುಮೇನಿಯನ್, ಕ್ರೊಯೇಷಿಯನ್, ರುಸಿನ್ ಎಂಬ ಆರು ಭಾಷೆಗಳಿಗೆ ಅಧಿಕೃತ ಬಳಕೆಯ ಮಾನ್ಯತೆಯಿದೆ. 1990ರ ದಶಕದಲ್ಲಿ ಜನಾಂಗದ ಹೆಸರಿನಲ್ಲಿ ನೆರೆಹೊರೆಯೆಲ್ಲ ಹೊತ್ತಿ ಉರಿದ ದೇಶದ ಮಾತಿದು. ನಮ್ಮಲ್ಲಿಯೂ ಕಾನೂನಿಗೆ ಬರವಿಲ್ಲ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಜಿಲ್ಲೆ, ತಾಲ್ಲೂಕು ಅಥವಾ ಪಟ್ಟಣದ ಜನಸಂಖ್ಯೆಯಲ್ಲಿ ಶೇ 15ರಷ್ಟಿರುವ ಭಾಷಿಕರಿಗೆ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲಿ ದೊರೆಯಬೇಕೆಂಬ ಒಪ್ಪಿತ ಸೂತ್ರವೂ ಇದೆ. ಕಾಸರಗೋಡಿನ ಕನ್ನಡ ಶಾಲೆಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದಾಗ ನಾವು ಪ್ರತಿಭಟಿಸುವುದು ಈ ರಕ್ಷಣೆಗಳ ಬಲದಿಂದಲೇ. ಕಾಸರಗೋಡಿನಲ್ಲಿ, ಆದವಾನಿಯಲ್ಲಿ ನಾವು ಕೇಳುವುದನ್ನು ಸಂಡೂರಿನಲ್ಲಿ, ಕಂಪ್ಲಿಯಲ್ಲಿ ಕೊಡಲು ಸಿದ್ಧರಿರಬೇಕು. ಇದರಿಂದ ಕನ್ನಡಕ್ಕೆ ಕುಂದಾಗುತ್ತದೆಯೆಂಬ ಅಳುಕು ಬೇಡ. ನಾಯಕ, ಲಂಬಾಣಿ, ತೆಲುಗು, ಉರ್ದು ಮನೆಗಳ ಜನರೆಲ್ಲ ಸಂತೆಯಲ್ಲಿ ಪರಸ್ಪರ ಆಡುವ ಮಾತು ಕನ್ನಡವೇ. ಯಾವ ಆದೇಶವೂ ಇಲ್ಲದೆ ಕನ್ನಡ ಇಲ್ಲಿ ಎಲ್ಲರ ನಡುವಣ ಭಾಷೆಯಾಗಿ ಬೆಳೆದಿದೆ.

ಮಾಡಬೇಕಾದದ್ದು ದೊಡ್ಡ ಕೆಲಸವೇನಲ್ಲ. ಮೂರು ಸಣ್ಣ ಕೆಲಸಗಳು. ಮೊದಲನೆಯದು, ಬರುವ ಗಣತಿಯಲ್ಲಿ ಗಣತಿದಾರರಿಗೆ ಕೊಡುವ ತರಬೇತಿ. ಮನೆಯವರು ಹೇಳಿದ್ದನ್ನೇ ಬರೆಯಬೇಕು, ಮೇಲಧಿಕಾರಿ ಅವಸರಪಡಿಸಿದರೂ ಬದಲಿಸಬಾರದು ಎಂಬುದನ್ನು ಒತ್ತಿ ಹೇಳಬೇಕು. ಲಂಬಾಣಿಯನ್ನು ಭಾಷಾ ಕೋಷ್ಟಕದಲ್ಲಿ ಪ್ರತ್ಯೇಕವಾಗಿ ತೋರಿಸಬೇಕೆಂದು ರಾಜ್ಯ ಸರ್ಕಾರ ಕೇಂದ್ರವನ್ನು ಒತ್ತಾಯಿಸಬೇಕು.

ಎರಡನೆಯದು ಶಾಲೆಗೆ ಸಂಬಂಧಿಸಿದ್ದು. ತಾಂಡಾದ ಅಂಗನವಾಡಿಯಲ್ಲಿ, ಒಂದನೆಯ ಎರಡನೆಯ ತರಗತಿಯಲ್ಲಿ ಮಗುವಿನ ಮನೆಮಾತು ಬಲ್ಲವರು ಒಬ್ಬರಾದರೂ ಇರಬೇಕು. ಲಂಬಾಣಿಗೆ ಸ್ವಂತ ಲಿಪಿಯಿಲ್ಲ. ಕನ್ನಡ ಲಿಪಿಯಲ್ಲಿಯೇ ಮನೆಮಾತಿನ ಕಥೆ, ಪದಗಳನ್ನು ಕಲಿಸಿ, ಅಲ್ಲಿಂದ ಕನ್ನಡಕ್ಕೆ ಕರೆದೊಯ್ಯುವ ಪಠ್ಯ ಸಿದ್ಧಪಡಿಸಬಹುದು. 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯ ಹಂಪಿಯ ಪಕ್ಕದಲ್ಲಿಯೇ ಇದೆ; ಬುಡಕಟ್ಟು ಅಧ್ಯಯನಕ್ಕೆ ಅಲ್ಲಿ ವಿಭಾಗವೂ ಇದೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. 2023ರಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಆ ಹೆಣ್ಣುಮಕ್ಕಳ ಸೂಜಿಯ ಕೆಲಸ ಗಿನ್ನೆಸ್ ದಾಖಲೆ ಸೇರಿತು. ಬಟ್ಟೆಯ ಮೇಲಿನ ಕನ್ನಡಿಗೆ ಸಿಕ್ಕ ಮನ್ನಣೆ ಅದನ್ನು ಹೊಲಿದವರ ಮಾತಿಗೂ ಸಿಗಬೇಡವೇ?

ಮೂರನೆಯದು, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳಿಗೆ ಗಣಿ ನಿಧಿ, ಆಸ್ಪತ್ರೆ, ರಸ್ತೆ, ಕುಡಿಯುವ ನೀರಿನ ಮಟ್ಟಿಗೆ ಶಾಸನಬದ್ಧವಾದ ಒಂದು ಜಂಟಿ ಸಮಿತಿ. ಜಲಾಶಯಕ್ಕೆ ಮೂರು ರಾಜ್ಯಗಳು ಕೂಡಿ ಕೂರಬಹುದಾದರೆ, ದೂಳಿಗೆ ಒಂದೇ ರಾಜ್ಯದ ಎರಡು ಜಿಲ್ಲೆಗಳು ಕೂಡಿ ಕೂರಲಾರವೇ? ಸಂಡೂರು, ಕಂಪ್ಲಿಯ ಜನ ಹತ್ತಿರದ ಹೊಸಪೇಟೆಯಲ್ಲಿಯೇ ಕೆಲವು ಜಿಲ್ಲಾ ಮಟ್ಟದ ಸೇವೆ ಪಡೆಯುವಂತೆ ಮಾಡುವುದು ಗಣಕಯಂತ್ರಗಳ ಈ ಕಾಲದಲ್ಲಿ ಕಷ್ಟವಾಗಬಾರದು.

ಎಲ್ಲೆಗಳು ಮುಂದೆಯೂ ಬದಲಾಗುತ್ತವೆ. ಕಳೆದ ಇನ್ನೂರಿಪ್ಪತ್ತು ವರ್ಷಗಳಲ್ಲಿ ಅವು ಇಲ್ಲಿ ಬದಲಾದ ಪರಿಯನ್ನು ನೋಡಿದರೆ ವಿಜಯನಗರ ಜಿಲ್ಲೆಯೇ ಕೊನೆಯ ಗೆರೆ ಎಂದು ಯಾರೂ ಹೇಳಲಾರರು. ಆದರೆ ಪ್ರತಿ ಬಾರಿಯೂ ಗೆರೆಯೊಳಗೆ ಉಳಿದ ಜನರನ್ನು ನಾವು ನಮ್ಮ ನಮೂನೆಗೆ ಹೊಂದಿಸಿಕೊಂಡೆವು. ನಮೂನೆಯನ್ನು ಅವರಿಗೆ ಹೊಂದಿಸಲಿಲ್ಲ.

ಬಂಡ್ರಿಯ ಆ ಹೆಣ್ಣುಮಗಳು ಈಗ ಬದುಕಿದ್ದಾಳೋ ಇಲ್ಲವೋ ತಿಳಿಯದು. ಅವಳ ಮಗಳೋ ಮೊಮ್ಮಗಳೋ ಬರುವ ಗಣತಿಯಲ್ಲಿ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಈ ಸಲ ಗಣತಿದಾರರ ಕೈಯಲ್ಲಿ ಕಾಗದದ ಬದಲು ಮೊಬೈಲ್ ಇರುತ್ತದೆ. ಆಕೆ ಅದೇ ಪ್ರಶ್ನೆ ಕೇಳಬಹುದು: 'ನಮ್ಮ ಮಾತು ಎಲ್ಲಿ ಬರೀತೀರಿ?' 'ಇಲ್ಲಿ, ಮೊದಲನೇ ಸಾಲಿನಲ್ಲಿ' ಎಂದು ತೋರಿಸುವ ಒಬ್ಬ ಮೇಷ್ಟ್ರು, ಅವರನ್ನು ಅವಸರಪಡಿಸದ ಒಬ್ಬ ಅಧಿಕಾರಿ ಅಂದು ಅಲ್ಲಿರಲಿ.